ಮುಹೂರ್ತ ಕಾಯುವ ಟೇಬಲ್

ಹೊಸ ವೆಬ್ ಅಪ್ಲಿಕೇಶನ್ ಕೈಗೆತ್ತಿಕೊಂಡಾಗ ನನಗೆ ಎಲ್ಲಕ್ಕಿಂತ ರುಚಿಸುವ ಕೆಲಸ, ಪೋಸ್ಟ್‌ಗ್ರೆಸ್‌ನಲ್ಲಿ ಅದರ ಡೇಟಾಬೇಸ್ ಕಟ್ಟುವುದು. ಬಣ್ಣ, ಬಟನ್ನು, ಲೋಗೊ ಎಲ್ಲ ಆಮೇಲೆ.

ಈಗ ಕಟ್ಟುತ್ತಿರುವುದು ಕಲ್ಯಾಣ ಮಂಟಪಗಳ ಬುಕಿಂಗ್‌ಗಾಗಿ. ಡೇಟಾಬೇಸಿಗೊಂದು ಹೆಸರು, ಅಪ್ಲಿಕೇಶನ್ನಿಗೆಂದೇ ಒಂದು ಯೂಸರ್, ಪಾಸ್‌ವರ್ಡ್, 5432ನೇ ಪೋರ್ಟ್: ಇಷ್ಟು ಬೇಗ ಮುಗಿಯುತ್ತದೆ. ಬಳಿಕ ಟರ್ಮಿನಲ್ಲಿನಲ್ಲಿ ‘ಬಿಗಿನ್’ ಎಂದು ಟೈಪಿಸುತ್ತೇನೆ. ಪ್ರಾಂಪ್ಟಿನೊಳಗೆ ಪುಟ್ಟದೊಂದು ನಕ್ಷತ್ರ ಮೂಡುತ್ತದೆ; ಟ್ರಾನ್ಸಾಕ್ಷನ್ ತೆರೆದಿದೆ ಎಂದರ್ಥ. ಇನ್ನು ಟೇಬಲ್ ಕಟ್ಟಬಹುದು, ಕಾಲಂ ಸೇರಿಸಬಹುದು, ಕಿತ್ತು ಹಾಕಬಹುದು. ಮನಸ್ಸಿಗೆ ಒಪ್ಪದಿದ್ದರೆ ‘ರೋಲ್‌ಬ್ಯಾಕ್’ ಅಂದರಾಯಿತು, ಅಷ್ಟೂ ಟೇಬಲ್‌ಗಳು ಗುರುತೇ ಉಳಿಯದಂತೆ ಮಾಯ. ತುಂಬಿದ ಡೇಟಾವನ್ನಷ್ಟೇ ಅಲ್ಲ, ಹಾಕಿದ ವಿನ್ಯಾಸವನ್ನೂ ಹಿಂದಕ್ಕೆ ಪಡೆಯಲು ಬಿಡುವುದು ಎಂಥ ಔದಾರ್ಯ!

ಆದರೆ ನಿಜವಾದ ಸೊಗಸು ಬುಕಿಂಗ್ ಟೇಬಲ್ಲಿನಲ್ಲಿದೆ. ಆರಂಭಕ್ಕೊಂದು ಕಾಲಂ, ಮುಕ್ತಾಯಕ್ಕೊಂದು ಕಾಲಂ ಎಂದು ಇಲ್ಲಿ ಸಮಯವನ್ನು ಒಡೆಯಬೇಕಿಲ್ಲ. ಶನಿವಾರ ಸಂಜೆ 4ರಿಂದ ಭಾನುವಾರ ಸಂಜೆ 4ರವರೆಗಿನ ಇಡೀ ಅವಧಿ ಒಂದೇ ತುಂಡಾಗಿ, ರೇಂಜ್ ಆಗಿ, ಒಂದೇ ಕಾಲಮ್ಮಿನಲ್ಲಿ ಕೂರುತ್ತದೆ. ಅದರ ಮೇಲೊಂದು ಎಕ್ಸ್‌ಕ್ಲೂಷನ್ ಕನ್ಸ್‌ಟ್ರೇಂಟ್: ಮಂಟಪ ಒಂದೇ ಆಗಿದ್ದು ಅವಧಿಗಳು ಒಂದರ ಮೇಲೊಂದು ಬಿದ್ದರೆ, ಎರಡನೆಯದಕ್ಕೆ ಪ್ರವೇಶವಿಲ್ಲ. ಎರಡು ಊರುಗಳಿಂದ ಎರಡು ಮನೆಯವರು ಒಂದೇ ಮುಹೂರ್ತಕ್ಕೆ, ಒಂದೇ ಕ್ಷಣದಲ್ಲಿ ಬಟನ್ ಒತ್ತಲಿ. ಇಬ್ಬರಿಗೂ ಸಿಗುವ ಮಾತೇ ಇಲ್ಲ.

ಇನ್ನೂ ನವಿರಾದದ್ದು ಆ ರೇಂಜಿನ ಅಂಚು. ತೆರೆಯ ಮೇಲೆ ಎಡಗಡೆ ಚೌಕ ಕಂಸ, ಬಲಗಡೆ ದುಂಡು ಕಂಸ. ಚೌಕದ ಕಡೆ, ಆರಂಭದ ಕ್ಷಣ ಒಳಗೆ. ದುಂಡಿನ ಕಡೆ, ಕೊನೆಯ ಕ್ಷಣ ಹೊರಗೆ. ಹಾಗಾಗಿ ಒಂದು ಮನೆಯವರು ನಾಲ್ಕಕ್ಕೆ ಬೀಗದ ಕೈ ಒಪ್ಪಿಸಿದರೆ, ಇನ್ನೊಂದು ಮನೆಯವರು ನಾಲ್ಕಕ್ಕೇ ಒಳಗೆ ಕಾಲಿಡಬಹುದು. ಎರಡು ಅವಧಿಗಳೂ ತಾಗುತ್ತವೆ, ತಾಗಿಯೂ ಒತ್ತುವುದಿಲ್ಲ. ನಾನು ಇಲ್ಲಿ ಪ್ರತಿ ಸಲವೂ ಒಂದು ಗಳಿಗೆ ನಿಲ್ಲುತ್ತೇನೆ.

ರೇಂಜ್ ಬಂದದ್ದು 2012ರ 9.2 ಆವೃತ್ತಿಯಲ್ಲಿ. ಆದರೆ ಅದಕ್ಕೆ ನೆಲ ಹದವಾದದ್ದು 1986ರಲ್ಲೇ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಪೋಸ್ಟ್‌ಗ್ರೆಸ್ ಶುರುಮಾಡಿದಾಗಲೇ, ಅಂಕಿ ಅಕ್ಷರಗಳಾಚೆಗಿನ ಹೊಸ ಟೈಪ್‌ಗಳನ್ನೂ ಬಳಸುವವರೇ ಸೇರಿಸಿಕೊಳ್ಳುವಂತಿರಬೇಕು ಎಂಬುದು ಅವರ ಮುಖ್ಯ ಆಶಯವಾಗಿತ್ತು.

ನೀವೂ ಇಂಥದೊಂದು ಟೇಬಲ್ ಕಟ್ಟಿ. ಮಂಟಪದ ಸಂಖ್ಯೆಯನ್ನೂ ನಿಯಮದೊಳಗೆ ಪೋಣಿಸಲು ಮೊದಲು ‘ಬಿಟ್ರೀ ಜಿಸ್ಟ್’ ಎಕ್ಸ್‌ಟೆನ್ಷನ್ ಹಾಕಿಕೊಳ್ಳಿ. ಆಮೇಲೆ ಬೇಕೆಂದೇ ಅಡ್ಡಬರುವ ಬುಕಿಂಗೊಂದನ್ನು ತುರುಕಿ, ಬರುವ ಎರರ್ ಸಂದೇಶವನ್ನು ಕೊನೆತನಕ ಓದಿ. ಯಾವ ಹೊಸ ಅವಧಿಗೆ ಯಾವ ಹಳೆಯ ಅವಧಿ ಅಡ್ಡವಾಗಿದೆ ಎಂದು ಎರಡನ್ನೂ ಅಕ್ಕಪಕ್ಕ ಬರೆದು ತೋರಿಸಿರುತ್ತದೆ.