ಬಣ್ಣ ಕೆರೆದ ಕುರ್ಚಿ

ವಿಂಡ್ಸರ್ ಕುರ್ಚಿಯನ್ನು ಮಗುಚಿ ನೋಡಿದರೆ ಅದನ್ನು ಮಾಡಿದ ಬಡಗಿಯ ಬುದ್ಧಿ ಕಾಣುತ್ತದೆ. ಕೂರುವ ಹಲಗೆ ಮೆತ್ತನೆಯ ಪೈನ್ ಮರದ್ದು, ಮೈಗೆ ಒಗ್ಗುವಂತೆ ತಗ್ಗು ತೋಡಲು ಸುಲಭ. ಕಾಲುಗಳು ಮೇಪಲ್, ನಯವಾಗಿ ಕಡೆಯಬಹುದು. ಬೆನ್ನಿನ ಕಡ್ಡಿಗಳು ಹಿಕರಿಯವೋ ಓಕಿನವೋ, ಬಾಗುತ್ತವೆ, ಮುರಿಯುವುದಿಲ್ಲ. ಚೆನ್ನಾಗಿ ಒಣಗಿದ ಕಾಲನ್ನು ಇನ್ನೂ ತುಸು ಹಸಿಯಿರುವ ಹಲಗೆಯ ತೂತಿಗೆ ಬಡಿದು ಕೂರಿಸಿದರೆ, ಹಲಗೆ ಒಣಗುತ್ತ ಒಣಗುತ್ತ ಕಾಲನ್ನು ಕಚ್ಚಿ ಹಿಡಿಯುತ್ತದೆ. ಬೇರೆ ಬೇರೆ ಮರಗಳ ಈ ಕೂಡಿಕೆ ಒಂದೇ ವಸ್ತುವಾಗಿ ಕಾಣಲಿ ಎಂದು 18ನೇ ಶತಮಾನದ ಅಮೆರಿಕದ ಬಡಗಿಗಳು ಮೇಲೆ ಬಣ್ಣ ಬಳಿಯುತ್ತಿದ್ದರು, ಹೆಚ್ಚಾಗಿ ಹಸಿರು. ನೂರೈವತ್ತು ವರ್ಷ ಕಳೆದ ಮೇಲೆ ಬಂದ ಅಭಿಮಾನಿಗಳು ಇಂಥ ಎಷ್ಟೋ ಕುರ್ಚಿಗಳ ಬಣ್ಣ ಕೆರೆದು, ಮರಕ್ಕೆ ಜೇನಿನ ಮೆರುಗು ಕೊಟ್ಟರು. ಹಳೆಯ ಕಾಲ ಹೀಗೇ ಇತ್ತು ಎಂದು ಮನಸಾರೆ ನಂಬಿದರು.

ಬೆಚ್ಚನೆಯ, ಸಾಂಪ್ರದಾಯಿಕ ಅಮೆರಿಕನ್ ಮನೆ ಎಂದಾಗ ಕಣ್ಣ ಮುಂದೆ ಬರುವ ಚಿತ್ರವನ್ನು ಕಟ್ಟಿಕೊಟ್ಟವರು ಇವರೇ. ಕಲೊನಿಯಲ್ ರಿವೈವಲ್ ಎನ್ನುವುದು ಈ ಪಂಥದ ಹೆಸರು. ಅಗ್ಗಿಷ್ಟಿಕೆ, ಅದರ ಪಕ್ಕದಲ್ಲಿ ರಾಟೆ, ನೆಲಕ್ಕೆ ಜಡೆ ಹೆಣೆದ ಬಟ್ಟೆಯ ರಗ್ಗು, ಮಂಚಕ್ಕೆ ಕೌದಿ. ಈ ಚಿತ್ರ ನನಗೂ ಪ್ರಿಯವೇ. ಆ ಪ್ರೀತಿಯಿಂದಲೇ ಅದರ ಲೆಕ್ಕ ಕೇಳಬೇಕೆನಿಸುತ್ತದೆ.

1876ರಲ್ಲಿ ಫಿಲಡೆಲ್ಫಿಯಾದಲ್ಲಿ ಸ್ವಾತಂತ್ರ್ಯದ ನೂರನೇ ವರ್ಷದ ದೊಡ್ಡ ಪ್ರದರ್ಶನ ನಡೆಯಿತು. ಉಗಿಯಂತ್ರಗಳ ಆ ಗದ್ದಲದ ನಡುವೆ ಒಂದು ಮರದ ಮನೆ ಕಟ್ಟಿ, ಹಳೆಯ ಉಡುಪು ತೊಟ್ಟ ಹೆಂಗಸರನ್ನು ಒಲೆಯ ಮುಂದೆ ನಿಲ್ಲಿಸಿ, ಇದೇ ನ್ಯೂ ಇಂಗ್ಲೆಂಡಿನ ಅಡುಗೆಮನೆ ಎಂದು ತೋರಿಸಿದರು. ಅಂತರ್ಯುದ್ಧ ಮುಗಿದು ಹನ್ನೊಂದೇ ವರ್ಷವಾಗಿತ್ತು. ಗಾಯ ಮಾಯದ ದೇಶಕ್ಕೆ ಜಗಳಕ್ಕೂ ಮುಂಚಿನ ಒಂದು ಮನೆ ಬೇಕಾಗಿತ್ತು. ಆ ಹಂಬಲವನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ನೂಲು ಗಿರಣಿಯಿಂದ ಬರತೊಡಗಿದ ಮೇಲೆ ಅಟ್ಟ ಸೇರಿದ್ದ ರಾಟೆ ಈಗ ನಡುಮನೆಗೆ ಇಳಿದು ಬಂದದ್ದು ನೂಲುವುದಕ್ಕಲ್ಲ, ನೋಡುವುದಕ್ಕೆ. ಕೈ ನೋಯಿಸುತ್ತಿದ್ದ ಸಲಕರಣೆ ಕಣ್ಣು ತಣಿಸುವ ಅಲಂಕಾರವಾಯಿತು.

ಬೆಚ್ಚಗಿನ ಒಲೆಯ ಮಾತೂ ಅಷ್ಟೇ. ಆ ಕಾಲದ ದೊಡ್ಡ ಅಗ್ಗಿಷ್ಟಿಕೆಯಲ್ಲಿ ಶಾಖದ ಬಹುಪಾಲು ಚಿಮಣಿಯ ಪಾಲು. ಮುಂದೆ ಕೂತವರ ಮುಖ ಸುಡುತ್ತಿತ್ತು, ಬೆನ್ನು ಮರಗಟ್ಟುತ್ತಿತ್ತು. ಈ ಪಾಡು ನೋಡಲಾರದೆಯೇ ಬೆಂಜಮಿನ್ ಫ್ರಾಂಕ್ಲಿನ್ 1740ರ ದಶಕದಲ್ಲಿ ಕಬ್ಬಿಣದ ಒಲೆಯೊಂದನ್ನು ರೂಪಿಸಿದ್ದು. ರಿವೈವಲ್ ಮಂದಿ ತೆರೆದ ಬೆಂಕಿಯನ್ನು ಮತ್ತೆ ಹೊತ್ತಿಸುವ ಹೊತ್ತಿಗೆ ಅನುಕೂಲಸ್ಥರ ಮನೆಗಳನ್ನು ನೆಲಮಾಳಿಗೆಯ ಕುಲುಮೆ ಬೆಚ್ಚಗಿಡುತ್ತಿತ್ತು.

ಈ ರುಚಿಯನ್ನು ಮನೆಮನೆಗೆ ಮುಟ್ಟಿಸಿದವರಲ್ಲಿ ವಾಲೆಸ್ ನಟಿಂಗ್ ದೊಡ್ಡ ಹೆಸರು. ಪಾದ್ರಿಯಾಗಿದ್ದವರು ಛಾಯಾಚಿತ್ರಕ್ಕೆ ತಿರುಗಿದರು. ಹಳೆಯ ಮನೆಗಳನ್ನು ಕೊಂಡು, ಉದ್ದ ಲಂಗದ ಹುಡುಗಿಯರನ್ನು ಅಲ್ಲಿ ಕೂರಿಸಿ ಚಿತ್ರ ತೆಗೆಯುತ್ತಿದ್ದರು. ಅವಕ್ಕೆ ಕೈಯಿಂದ ಬಣ್ಣ ತುಂಬಲು ಯುವತಿಯರ ತಂಡವೇ ಇತ್ತು. 1928ರ ಅವರ ‘ಫರ್ನಿಚರ್ ಟ್ರೆಷರಿ’ಯನ್ನು ಸಂಗ್ರಾಹಕರು ಇಂದಿಗೂ ತೆರೆಯುತ್ತಾರೆ. ಕಾಲಿನ ತಿರುವು, ಕಡ್ಡಿಗಳ ಲೆಕ್ಕ, ಕೂಡುಗಳ ಬಗೆ ಎಲ್ಲವನ್ನೂ ಅವರಷ್ಟು ಅಕ್ಕರೆಯಿಂದ ನೋಡಿದವರು ಕಡಿಮೆ. ಈ ಪಂಥದ ನಿಜವಾದ ಗಳಿಕೆ ಈ ನೋಟ. ಇದಿಲ್ಲದಿದ್ದರೆ ಬಹಳಷ್ಟು ಸಾಮಾನು ಸೌದೆಯಾಗಿ ಹೋಗುತ್ತಿತ್ತು.

ಕೊರತೆ ಬೇರೆ ಕಡೆ ಇದೆ. 1924ರ ನವೆಂಬರಿನಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಹಳೆಯ ಕೋಣೆಗಳನ್ನು ಹಾಗೆಯೇ ಜೋಡಿಸಿದ ಅಮೆರಿಕನ್ ವಿಂಗ್ ತೆರೆಯಿತು. ಹೊರಗಿನಿಂದ ನುಗ್ಗಿ ಬರುತ್ತಿರುವ ವಿಚಾರಗಳಿಗೆ ಈ ಕೋಣೆಗಳೇ ಮದ್ದು ಎಂದು ಅದರ ರೂವಾರಿ ಆರ್.ಟಿ.ಎಚ್. ಹಾಲ್ಸಿ ನಂಬಿದ್ದರು. ಅದೇ ವರ್ಷದ ಮೇ ತಿಂಗಳಲ್ಲಿ ಬಂದ ವಲಸೆ ಕಾಯ್ದೆ ದಕ್ಷಿಣ, ಪೂರ್ವ ಯುರೋಪಿನವರ ಸಂಖ್ಯೆಯನ್ನು ಕಡಿದು, ಏಷ್ಯಾದವರಿಗೆ ಬಾಗಿಲನ್ನು ಬಹುತೇಕ ಪೂರ್ತಿ ಮುಚ್ಚಿತ್ತು. ಆ ವರ್ಷ ಒಲೆಯ ಬೆಳಕು ಮನೆಯೊಳಗಿದ್ದವರಿಗೆ ಮಾತ್ರ ಎಂದಾಯಿತು. ವಿಚಿತ್ರವೆಂದರೆ ಅದೇ ಹಳೆಯ ಕಾಲದ ಸಿರಿವಂತರ ಮಂಚಗಳ ಮೇಲೆ ಹಾಸಿದ್ದು ನಮ್ಮ ಕೋರಮಂಡಲ ತೀರದಲ್ಲಿ ಬಣ್ಣ ಹಾಕಿದ ಹೂಬಳ್ಳಿಯ ಪಲಂಗಪೋಸು. ಹೊಳೆಯುವ ಮಹಾಗನಿ ಮೇಜಿನ ಮರವನ್ನು ಜಮೈಕಾದಂಥ ಕಡೆಗಳಲ್ಲಿ ಕಡಿದವರು ಗುಲಾಮರು.

ವಿಲಿಯಮ್ಸ್‌ಬರ್ಗ್ ಇನ್ನೂ ಕಣ್ಣಿಗೆ ಹೊಡೆಯುವ ಉದಾಹರಣೆ. ಕಿರಿಯ ಜಾನ್ ಡಿ. ರಾಕ್‌ಫೆಲರ್ ಹಣ ಸುರಿದು 1920ರ ದಶಕದ ಕೊನೆಯಿಂದ ವರ್ಜೀನಿಯಾದ ಈ ಊರನ್ನು 18ನೇ ಶತಮಾನಕ್ಕೆ ಮರಳಿಸಿದರು. ಅಲ್ಲಿನ ಮಂಕು ನೀಲಿ, ಬೂದು ಹಸಿರು ದೇಶದ ಗೋಡೆಗಳಿಗೆಲ್ಲ ಹಬ್ಬಿದವು. ಆಮೇಲೆ ಬಣ್ಣದ ಪದರಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಮೂಲದ ಬಣ್ಣಗಳು ಎಷ್ಟೋ ಕಡೆ ಢಾಳಾಗಿದ್ದವೆಂದು ತಿಳಿಯಿತು. ವಾಷಿಂಗ್‌ಟನ್ನರ ಮೌಂಟ್ ವರ್ನನ್ ಮನೆಯ ಚಿಕ್ಕ ಊಟದ ಕೋಣೆ ಈಗ ಕಣ್ಣು ಕುಕ್ಕುವ ಹಸಿರು. ವಿಲಿಯಮ್ಸ್‌ಬರ್ಗಿನಲ್ಲಿ ಮಂಕಾದದ್ದು ಬಣ್ಣವೊಂದೇ ಅಲ್ಲ. 18ನೇ ಶತಮಾನದಲ್ಲಿ ಆ ಊರಿನ ಸುಮಾರು ಅರ್ಧ ಜನ ಕಪ್ಪು ಜನರಾಗಿದ್ದರು. ಅಲ್ಲಿನ ಅಡುಗೆಮನೆಗಳಲ್ಲಿ ಬೆಂಕಿ ಹೊತ್ತಿಸುತ್ತಿದ್ದವರು ಅವರು. ಅವರ ಬದುಕನ್ನು ನೋಡುಗರ ಮುಂದಿಡುವ ಕೆಲಸ ಗಟ್ಟಿಯಾಗಿ ಶುರುವಾದದ್ದು 1979ರಲ್ಲಿ.

ಹಾಗಾದರೆ ಈ ಸಂಪ್ರದಾಯದಲ್ಲಿ ಬೆಚ್ಚಗಿನದು ಉಳಿದದ್ದು ಎಲ್ಲಿ? ನನ್ನ ಪ್ರಕಾರ, ವಸ್ತು ಕೆಲಸ ಬಿಡದ ಕಡೆ. ಶೇಕರ್ ಎಂಬ ಕ್ರೈಸ್ತ ಪಂಥದವರು ಗೋಡೆಯುದ್ದಕ್ಕೂ ಮರದ ಪಟ್ಟಿ ಹೊಡೆದು ಗೂಟ ಕೂರಿಸಿದರು. ಗುಡಿಸುವಾಗ ಕುರ್ಚಿಗಳನ್ನೇ ಎತ್ತಿ ಅಲ್ಲಿಗೆ ತೂಗುಹಾಕುತ್ತಿದ್ದರು. ಅವರ ಕುರ್ಚಿ ಹಗುರವಾಗಿರುವುದು ಒಂದೇ ಕೈಯಲ್ಲಿ ಎತ್ತಬೇಕಾದ್ದರಿಂದ. ಅಂದ ತಾನಾಗಿ ಬಂತು.

ಕೌದಿಯೂ ಹಾಗೆಯೇ. ಅಲಬಾಮಾದ ಜೀಸ್ ಬೆಂಡ್ ಎಂಬ ಹಳ್ಳಿಯ ಹೆಂಗಸರ ಕೌದಿಗಳನ್ನು ದೊಡ್ಡ ಮ್ಯೂಸಿಯಂಗಳು ಗೋಡೆಗೆ ಏರಿಸಿದ್ದು 2002ರಲ್ಲಿ. ಹಳೆಯ ಕೆಲಸದ ಬಟ್ಟೆಯಿಂದ ಹೊಲಿದ ಕೌದಿಗಳಲ್ಲಿ ಜೇಬು ಬಿಚ್ಚಿದ ಜಾಗದ ನೀಲಿ ಹಾಗೇ ಗಾಢವಾಗಿ ಉಳಿದು, ಸುತ್ತಲೂ ಬಿಸಿಲಿಗೆ ಮಾಸಿರುವುದು ಕಾಣುತ್ತದೆ. ಆ ಹಳ್ಳಿಯ ಮಿಸೌರಿ ಪೆಟ್‌ವೇ ಎಂಬಾಕೆಯ ಗಂಡ ತೀರಿಕೊಂಡ. ಆತ ಹೊಲದಲ್ಲಿ ತೊಡುತ್ತಿದ್ದ ಅಂಗಿ, ಪ್ಯಾಂಟುಗಳನ್ನು ಆಕೆ 1942ರಲ್ಲಿ ಮಗಳ ಜೊತೆ ಕೂತು ಹರಿದು, ಪಟ್ಟಿ ಜೋಡಿಸಿ ಕೌದಿ ಹೊಲಿದಳು. ಚಳಿಗೆ ಹೊದ್ದುಕೊಳ್ಳಲಿಕ್ಕೆ, ಆತನ ನೆನಪನ್ನು ಹೊದ್ದುಕೊಳ್ಳಲಿಕ್ಕೆ.