ಊರ ನಾಟಕ ಸಂಘಕ್ಕೆ ಚರಿತ್ರೆಯುಂಟೆ?

ಈಚೆಗೆ ನಮ್ಮ ಕಡೆಯ ಹವ್ಯಾಸಿ ನಾಟಕ ಸಂಘವೊಂದರ ಸ್ಮರಣ ಸಂಚಿಕೆ ಕೈಸೇರಿತು. ಸಂಘದ ಹೆಸರು ಹೇಳುವ ಅಗತ್ಯವಿಲ್ಲ. ಅದರಲ್ಲಿ ಕಂಡ ಕೊರತೆ ಆ ಒಂದು ಸಂಘದ್ದಲ್ಲ, ಇಂಥ ಸಂಚಿಕೆಗಳೆಲ್ಲದರದು. ಮೊದಲು ಗಣ್ಯರ ಸಂದೇಶಗಳು. ಬಳಿಕ ಅಧ್ಯಕ್ಷ, ಕಾರ್ಯದರ್ಶಿಗಳ ಭಾವಚಿತ್ರಗಳು. ಅನಂತರ ಆಡಿದ ನಾಟಕಗಳ ಪಟ್ಟಿ, ಇಸವಿಸಹಿತ. ಕೊನೆಗೆ ಅಡಿಕೆ ಮಂಡಿ, ಬಟ್ಟೆ ಅಂಗಡಿಗಳ ಜಾಹೀರಾತು. ಇಷ್ಟನ್ನೂ ಓದಿ ಮುಗಿಸಿದ ಮೇಲೂ ಆ ಊರಿನಲ್ಲಿ ನಾಟಕವೆಂಬುದು ಏಕೆ ಬೇಕಾಯಿತು, ಅದನ್ನು ಯಾರು ನೋಡಿದರು, ನೋಡಿದವರಿಗೆ ಏನಾಯಿತು ಎಂಬ ಮೂರು ಪ್ರಶ್ನೆಗಳಲ್ಲಿ ಒಂದಕ್ಕೂ ಉತ್ತರ ಸಿಕ್ಕಲಿಲ್ಲ.

ಪಟ್ಟಿ ಬೇಡವೆಂದು ನನ್ನ ವಾದವಲ್ಲ. ಆದರೆ ಪಟ್ಟಿಯೇ ಚರಿತ್ರೆಯಲ್ಲ. ಪೇಟೆಯ ವೃತ್ತಿ ಕಂಪನಿಯೊಂದರ ಚರಿತ್ರೆಯನ್ನು ನಾಟಕಗಳಿಂದಲೂ ನಟರಿಂದಲೂ ಬರೆಯಬಹುದು. ಏಕೆಂದರೆ ಕಂಪನಿಗೆ ಪ್ರೇಕ್ಷಕ ಟಿಕೇಟು ಕೊಳ್ಳುವ ಗಿರಾಕಿ, ಇವತ್ತು ಈ ಊರಿನವನು, ನಾಳೆ ಇನ್ನೊಂದು ಊರಿನವನು. ಊರ ಸಂಘದ ಮಾತು ಬೇರೆ. ಅಲ್ಲಿ ಆಡುವವನೂ ನೋಡುವವನೂ ಒಂದೇ ಕೇರಿಯವರು. ರಾತ್ರಿ ಕೀಚಕನಾದವನು ಬೆಳಿಗ್ಗೆ ಹಾಲು ಅಳೆಯುತ್ತಾನೆ. ಆದಕಾರಣ ಇಂಥ ಸಂಘವನ್ನು ಅಳೆಯುವುದಕ್ಕೆ ಬೇರೆ ಅಳತೆಗೋಲು ಬೇಕು. ನನಗೆ ತೋರುವುದು ಇದು: ಕೆಳಗೆ ಕುಳಿತು ನೋಡುತ್ತಿದ್ದವರಲ್ಲಿ ಯಾರು ಯಾರು ರಂಗವನ್ನು ಹತ್ತಿದರು? ಯಾರು ಹತ್ತಲಾಗದೆ ಉಳಿದರು? ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲ್ಲೂಕುಗಳ ನಾಟಕದ ನೆನಪನ್ನು ಈ ಒಂದು ಪ್ರಶ್ನೆಯನ್ನಿಟ್ಟುಕೊಂಡು ತಿರುವಿ ನೋಡುವುದು ಈ ಲೇಖನದ ಉದ್ದೇಶ.

ಘಟ್ಟದ ಮೇಲಿನ ನಮ್ಮ ಸೀಮೆಯಲ್ಲಿ ಹವ್ಯಾಸಿ ನಾಟಕಕ್ಕೆ ಮೊದಲೇ ಎರಡು ರಂಗಭೂಮಿಗಳು ಬೇರೂರಿದ್ದವು. ಒಂದು ಯಕ್ಷಗಾನ. ಕೊಯ್ಲು ಮುಗಿದ ಗದ್ದೆಯಲ್ಲಿ ಬಯಲಾಟ, ಮಳೆಗಾಲದಲ್ಲಿ ಮನೆಯ ಜಗಲಿಯ ಮೇಲೆ ತಾಳಮದ್ದಲೆ. ಘಟ್ಟದ ಕೆಳಗೆ ಹೊನ್ನಾವರ ತಾಲ್ಲೂಕಿನ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಕಟ್ಟಿದರು. ಒಂದು ಕುಟುಂಬ ತಲೆಮಾರುಗಳ ಉದ್ದಕ್ಕೂ ಒಂದು ಕಲೆಯನ್ನು ಹೊತ್ತು ನಡೆದ ಉದಾಹರಣೆ ಅದು. ಇನ್ನೊಂದು ವೃತ್ತಿ ನಾಟಕ ಕಂಪನಿ. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬೆಯ ಜಾತ್ರೆಗೆ ಕಂಪನಿಗಳು ಬಂದು ಡೇರೆ ಹೂಡುತ್ತಿದ್ದವು. ತೇರು ನೋಡಲು ಬಂದ ಹಳ್ಳಿಯ ಸಂಸಾರ ನಾಟಕವನ್ನೂ ನೋಡಿಯೇ ಮನೆಗೆ ಮರಳುವುದು ಜಾತ್ರೆಯ ಕ್ರಮದಲ್ಲೇ ಸೇರಿಹೋಯಿತು.

ಈ ಎರಡನ್ನೂ ಶಿರಸಿಯಲ್ಲಿ ಕುಳಿತು ನೋಡಿದ ಬಾಲಕನೊಬ್ಬನ ಕಥೆ ಎಲ್ಲರಿಗೂ ಗೊತ್ತು. ಗಿರೀಶ ಕಾರ್ನಾಡರು (1938–2019) ಬಾಲ್ಯವನ್ನು ಕಳೆದದ್ದು ಶಿರಸಿಯಲ್ಲಿ; ಅಲ್ಲಿ ಕಂಡ ಕಂಪನಿ ನಾಟಕ ಮತ್ತು ಯಕ್ಷಗಾನ ತಮ್ಮನ್ನು ರೂಪಿಸಿದವೆಂದು ಅವರು ಬರೆದುಕೊಂಡಿದ್ದಾರೆ. ‘ಹಯವದನ’ದಲ್ಲಿ ಭಾಗವತ ಬರುತ್ತಾನೆ, ಗಣಪತಿಯ ಸ್ತುತಿ ಬರುತ್ತದೆ, ತೆರೆಯ ಹಿಂದಿನಿಂದ ಪಾತ್ರ ಮೆಲ್ಲಮೆಲ್ಲನೆ ಮೂಡುತ್ತದೆ. ಬಯಲಾಟದ ಒಡ್ಡೋಲಗವನ್ನು ಕಂಡ ಕಣ್ಣಿಗೆ ಇದಾವುದೂ ಹೊಸದಲ್ಲ. ಶಿರಸಿಯವರು ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ, ಹೇಳಿಕೊಳ್ಳತಕ್ಕದ್ದೇ. ಆದರೆ ಹೆಮ್ಮೆಯ ಒಳಗೊಂದು ಪಾಠವೂ ಇದೆ. ಆ ನಾಟಕಕಾರನನ್ನು ಮೊದಲು ಬೆಳೆಸಿದ್ದು ಯಾವ ರಂಗಶಾಲೆಯೂ ಅಲ್ಲ, ನೋಡುವ ಅಭ್ಯಾಸವುಳ್ಳ ಒಂದು ಊರು. ಅದರ ಜೊತೆಗೇ ನೆನೆಯಬೇಕಾದ್ದು, ಆ ಎರಡೂ ರಂಗಭೂಮಿಗಳು ಊರಿನವರಿಗೆ ನೋಡುವುದನ್ನು ಕಲಿಸಿದಷ್ಟು ಸುಲಭವಾಗಿ ಹತ್ತುವುದನ್ನು ಬಿಟ್ಟುಕೊಡಲಿಲ್ಲವೆಂಬುದು. ಕಂಪನಿಯ ನಟ ಹೊರಗಿನವನು. ಯಕ್ಷಗಾನದಲ್ಲಿ ಹೆಣ್ಣಿನ ಪಾತ್ರವೂ ಗಂಡಿನದೇ. ರಾತ್ರಿಯಿಡೀ ಕಣ್ಣೆವೆಯಿಕ್ಕದೆ ನೋಡಿದ ಹೆಂಗಸು ಬೆಳಗಾದರೆ ಮನೆಗೆ ಹೋಗಿ ದೋಸೆ ಹೊಯ್ಯಬೇಕು.

ಹವ್ಯಾಸಿ ಸಂಘದ ಮಹತ್ವ ಇರುವುದು ಇಲ್ಲಿ. ‘ನಾವೂ ಆಡಬಹುದು’ ಎಂದು ಊರು ತನಗೆ ತಾನೇ ಹೇಳಿಕೊಂಡ ಮಾತು ಅದು. ಈ ಮಾತನ್ನು ನಮ್ಮ ಸೀಮೆಯಲ್ಲಿ ಅತ್ಯಂತ ಗಟ್ಟಿಯಾಗಿ ಆಡಿದ್ದು ನಮ್ಮ ಮೂರು ತಾಲ್ಲೂಕುಗಳಲ್ಲಿ ಯಾವುದೂ ಅಲ್ಲ, ಪಕ್ಕದ ಸಾಗರ ತಾಲ್ಲೂಕಿನ ಹೆಗ್ಗೋಡು ಎಂಬ ಅಡಿಕೆ ತೋಟಗಳ ಹಳ್ಳಿ. 1949ರಲ್ಲಿ ಅಲ್ಲಿನ ತರುಣರು ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘವನ್ನು ಸ್ಥಾಪಿಸಿದರು. ಅವರಲ್ಲೊಬ್ಬರಾದ ಕೆ. ವಿ. ಸುಬ್ಬಣ್ಣನವರಿಗೆ ಆಗ 17ರ ಪ್ರಾಯ. ಆ ದಿನಗಳಲ್ಲಿ ಸಾಗರ ಮೈಸೂರು ಸಂಸ್ಥಾನದ್ದು, ಸಿದ್ದಾಪುರ ಮುಂಬಯಿ ಪ್ರಾಂತದ್ದು. ನಡುವಿನ ಗಡಿ ಅಳಿದದ್ದು 1956ರ ನವೆಂಬರಿನಲ್ಲಿ. ಆದರೆ ಅಡಿಕೆ, ನಂಟಸ್ತಿಕೆ, ಆಟದ ಮೇಳ ಇವು ಯಾವ ಕಾಲದಲ್ಲೂ ಆ ಗಡಿಯನ್ನು ಮನ್ನಿಸಿದ್ದಿಲ್ಲ. ಆದ್ದರಿಂದ ನೀನಾಸಮ್ಮಿನ ಚರಿತ್ರೆ ಸಿದ್ದಾಪುರ, ಶಿರಸಿಗಳ ಚರಿತ್ರೆಯೂ ಹೌದು ಎಂದರೆ ಉತ್ಪ್ರೇಕ್ಷೆಯಾಗದು.

ನೀನಾಸಮ್ಮಿನ ಇಸವಿಗಳು ಎಲ್ಲರ ಬಾಯಲ್ಲಿವೆ: 1972ರಲ್ಲಿ ಶಿವರಾಮ ಕಾರಂತ ರಂಗಮಂದಿರ, ಮರುವರ್ಷ ಚಿತ್ರಸಮಾಜ, 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ತಿರುಗಾಟ, 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ, 2005ರಲ್ಲಿ ಅವರ ನಿಧನ. ಆದರೆ ಇದನ್ನೂ ಮತ್ತೊಂದು ಪಟ್ಟಿಯಾಗಿ ಓದಿದರೆ ಮೇಲೆ ಹೇಳಿದ ಸ್ಮರಣ ಸಂಚಿಕೆಯ ತಪ್ಪನ್ನೇ ನಾವೂ ಮಾಡಿದಂತಾಗುತ್ತದೆ. ಗಮನಿಸಬೇಕಾದ್ದು ಮೊದಲಿನ ಅಂತರ. ಸಂಘ ಹುಟ್ಟಿದ್ದು 1949ರಲ್ಲಿ, ರಂಗಮಂದಿರ ಎದ್ದದ್ದು 1972ರಲ್ಲಿ. ನಡುವೆ 23 ವರ್ಷ! ಇಂದು ಸಂಘ ಕಟ್ಟುವವರು ಮೊದಲು ಕಟ್ಟಡಕ್ಕೆ ಅರ್ಜಿ ಹಾಕುತ್ತಾರೆ. ಹೆಗ್ಗೋಡಿನವರು ಮೊದಲು ಪ್ರೇಕ್ಷಕನನ್ನು ಕಟ್ಟಿದರು. ಕಾಳಿದಾಸನೂ ಬ್ರೆಕ್ಟನೂ ಹಳ್ಳಿಗೆ ಬಂದರೆಂಬುದೇ ದೊಡ್ಡ ಸಂಗತಿಯಲ್ಲ. ಅವರನ್ನು ನೋಡಿ, ‘ಹೋದ ಸಲದ್ದಕ್ಕಿಂತ ಇದು ಸಪ್ಪೆಯಾಯಿತು’ ಎನ್ನಬಲ್ಲ ತೋಟಿಗ ಅಲ್ಲಿ ಬೆಳೆದನೆಂಬುದು ದೊಡ್ಡದು. ಹಾಗೆ ಹೇಳಬಲ್ಲವನು ಎಂದಾದರೊಂದು ದಿನ ಮೇಲೆ ಹತ್ತಿಯೇ ಹತ್ತುತ್ತಾನೆ.

ಇನ್ನು ನನ್ನ ಆಕ್ಷೇಪ. ಇದನ್ನು ನೀನಾಸಮ್ಮಿನ ಮೇಲೆ ಹೊರಿಸುತ್ತಿಲ್ಲ, ನಮ್ಮ ಮೇಲೆಯೇ ಹೊರಿಸಿಕೊಳ್ಳುತ್ತಿದ್ದೇನೆ. ತಿರುಗಾಟ ವರ್ಷವರ್ಷವೂ ನಾಟಕಗಳನ್ನು ಹೊತ್ತು ನಾಡನ್ನು ಸುತ್ತತೊಡಗಿದ ಮೇಲೆ ನಮ್ಮಂಥ ಊರುಗಳಿಗೆ ಒಳ್ಳೆಯ ನಾಟಕ ಮನೆಬಾಗಿಲಿಗೆ ಬಂದಿತು. ನಾನು ಚಿಕ್ಕಂದಿನಲ್ಲಿ ಅದನ್ನು ಚಾಪೆಯ ಮೇಲೆ ಕುಳಿತು ನೋಡಿದವನು; ಮರುದಿನ ಅಟ್ಟದ ಮೇಲೆ ಅಮ್ಮನ ಸೀರೆಯನ್ನು ಪರದೆ ಮಾಡಿ ತಮ್ಮ, ತಂಗಿಯರೊಡನೆ ಅದನ್ನೇ ಆಡಿ ಬೈಸಿಕೊಂಡವನು. ಮುಂದೆ ಕಾಲೇಜಿನ ಕೆಲಸ ಹಿಡಿದ ಮೇಲೆ ನಾಟಕವನ್ನು ಕರೆಸುವ ಸಮಿತಿಯಲ್ಲಿ ನಾನೂ ಒಬ್ಬನಾದೆ. ಟಿಕೇಟು ಮಾರಿದೆವು, ಸಭಾಗೃಹ ಗೊತ್ತುಮಾಡಿದೆವು, ಊಟ ವಸತಿ ನೋಡಿಕೊಂಡೆವು, ಕೊನೆಗೆ ವಂದನಾರ್ಪಣೆಯನ್ನೂ ಚೆನ್ನಾಗಿಯೇ ಮಾಡಿದೆವು. ಹೀಗೆ ಹಲವು ವರ್ಷ ಕಳೆದ ಮೇಲೆ ಒಂದು ಸಂಜೆ ಹಿರಿಯರೊಬ್ಬರು ಕೇಳಿದರು: ‘ಮಾಸ್ತರೇ, ಬಡಿಸೂದು ಕಲತ್ರಿ. ಅಡಿಗೆ ಯಾವಾಗ ಮಾಡ್ತ್ರಿ?’ ಲೆಕ್ಕ ಹಾಕಿ ನೋಡಿದರೆ ಅಷ್ಟು ವರ್ಷಗಳಲ್ಲಿ ನಮ್ಮ ಸಮಿತಿ ತನ್ನದೆಂದು ಒಂದು ನಾಟಕದ ತಾಲೀಮನ್ನೂ ನಡೆಸಿರಲಿಲ್ಲ. ಹೆಗ್ಗೋಡಿನಿಂದ ನಾವು ಕಲಿಯಬೇಕಾಗಿದ್ದುದು ಅದರ ನಾಟಕವನ್ನು ತರಿಸುವುದನ್ನಲ್ಲ, ಅದರ 1949ನ್ನು. ನಾವು ಮತ್ತೆ ಕೆಳಗೇ ಕುಳಿತೆವು. ಕುರ್ಚಿ ಮಾತ್ರ ಹಿಂದಿನದಕ್ಕಿಂತ ಮೆತ್ತಗಿತ್ತು.

ಕೆಳಗೆ ಕೂಡಲೂ ಜಾಗವಿಲ್ಲದವರು ಮೇಲೆ ಹತ್ತಿದ ಒಂದು ಪ್ರಸಂಗ ನಮ್ಮ ಸೀಮೆಯಲ್ಲೇ ನಡೆದಿದೆ. ಶಿರಸಿಯಿಂದ ಯಲ್ಲಾಪುರಕ್ಕೆ ಹೋಗುವ ದಾರಿಯಲ್ಲಿ ಮಂಚೀಕೇರಿ ಸಿಗುತ್ತದೆ. ಸುತ್ತಲ ಕಾಡಿನಂಚಿನಲ್ಲಿ ಸಿದ್ದಿಗಳ ಮನೆಗಳಿವೆ. ಇವರ ಪೂರ್ವಿಕರು ಆಫ್ರಿಕದವರು. ಪೋರ್ತುಗೀಜರ ಕಾಲದಲ್ಲಿ ಗುಲಾಮರಾಗಿ ಗೋವೆಗೆ ಬಂದವರಲ್ಲಿ ಅನೇಕರು ತಪ್ಪಿಸಿಕೊಂಡು ಈ ಕಾಡು ಸೇರಿದರು. 1980ರ ದಶಕದ ನಡುವೆ ನೀನಾಸಮ್ಮಿನ ಚಿದಂಬರರಾವ್ ಜಂಬೆಯವರು ಇಲ್ಲಿಗೆ ಬಂದು ಸಿದ್ದಿಗಳನ್ನೇ ನಟರನ್ನಾಗಿ ಮಾಡಿ ‘ಕಪ್ಪು ಜನ ಕೆಂಪು ನೆರಳು’ ನಾಟಕವನ್ನು ಆಡಿಸಿದರು. ಅದಕ್ಕೆ ಆಧಾರ ನೈಜೀರಿಯದ ಚಿನುವ ಅಚಿಬೆಯವರು 1958ರಲ್ಲಿ ಪ್ರಕಟಿಸಿದ, ಇಗ್ಬೊ ಜನರ ಬದುಕಿನ ಪ್ರಸಿದ್ಧ ಕಾದಂಬರಿ.

ವಿಮರ್ಶಕನಾದವನು ಇಲ್ಲಿ ಒಂದು ಪ್ರಶ್ನೆಯನ್ನು ಕೇಳಲೇಬೇಕು. ಸಿದ್ದಿಗಳೆಂದರೆ ಆಫ್ರಿಕದವರು, ಆದ್ದರಿಂದ ಅವರಿಗೆ ಆಫ್ರಿಕದ ಕಥೆ ಎಂಬ ಎಣಿಕೆ ಸರಿಯೆ? ಶತಮಾನಗಳಿಂದ ಇಲ್ಲಿಯೇ ಬಾಳಿ, ತಮ್ಮದೇ ಬಗೆಯ ಕೊಂಕಣಿಯನ್ನೂ ಕನ್ನಡವನ್ನೂ ಆಡುವವರನ್ನು, ಹಿಂದೂ ಮುಸಲ್ಮಾನ ಕ್ರೈಸ್ತ ಮೂರೂ ಮತಗಳಲ್ಲಿ ಹಂಚಿಹೋದವರನ್ನು, ಮೈಬಣ್ಣ ನೋಡಿ ಮರಳಿ ಸಮುದ್ರದಾಚೆಗೆ ಕಳಿಸಿದಂತಾಗಲಿಲ್ಲವೆ? ಈ ಶಂಕೆ ಹುರುಳಿಲ್ಲದ್ದಲ್ಲ. ಆದರೆ ಕಾದಂಬರಿಯ ತಿರುಳನ್ನು ನೆನೆದರೆ ಉತ್ತರವೂ ಹೊಳೆಯುತ್ತದೆ. ತನ್ನದೇ ಕಟ್ಟುಕಟ್ಟಳೆಯಲ್ಲಿ ಬದುಕಿದ್ದ ಹಳ್ಳಿಯೊಂದಕ್ಕೆ ಹೊರಗಿನಿಂದ ಒಂದು ಕಾನೂನು ಬರುತ್ತದೆ. ಹಳ್ಳಿಯವರಿಗೆ ಅರ್ಥವಾಗದ ಭಾಷೆಯಲ್ಲಿ ಅವರನ್ನೇ ವಿಚಾರಿಸಿ ತೀರ್ಪು ಕೊಡುತ್ತದೆ. ಕಾಡಿನಲ್ಲಿ ಬದುಕಿ ಕಾಡಿನ ಕಾಯಿದೆಗೆ ಅಂಜಿ ನಡೆಯಬೇಕಾದವರಿಗೆ ಇದು ಪರದೇಶದ ಕಥೆಯೇನೂ ಅಲ್ಲ. ದೂರದ ಕಥೆಯಾದ್ದರಿಂದಲೇ ಹತ್ತಿರದ ಒಡೆಯರ ಎದುರು ಅದನ್ನು ಆಡಲು ಸಾಧ್ಯವಾಯಿತೇನೋ! ಹಗಲು ಯಾರ ತೋಟದಲ್ಲಿ ಕೂಲಿ ಮಾಡುತ್ತಿದ್ದರೋ ಅಂಥವರು ಕೆಳಗೆ ಕುಳಿತು ಇವರತ್ತ ತಲೆಯೆತ್ತಿ ನೋಡಬೇಕಾಗಿ ಬರುವುದು ರಂಗಭೂಮಿಯೊಂದೇ ಮಾಡಬಲ್ಲ ಕೆಲಸ.

ಹಾಗೆಂದು ಅಷ್ಟಕ್ಕೇ ತೃಪ್ತಿಪಡುವಂತಿಲ್ಲ. ಸಿದ್ದಿಗಳಿಗೆ ಡಮಾಮಿಯ ಬಡಿತವಿದೆ, ಕುಣಿತವಿದೆ, ಹಾಡುಗಳಿವೆ. ಗೋವೆಯಿಂದ ಕಾಡಿಗೆ ಬಂದ ದಾರಿಯ ಕಥೆಯಿದೆ. ಅದನ್ನು ಅವರೇ ಬರೆದು, ಅವರೇ ಆಡಿಸುವ ದಿನ ಬಂದಾಗ ಆ ಮೊದಲ ನಾಟಕ ಸಾರ್ಥಕವಾಗುತ್ತದೆ. ಗಿರಿಜಾ ಸಿದ್ದಿ, ಪ್ರಶಾಂತ್ ಸಿದ್ದಿ ಮೊದಲಾದವರು ಮುಂದೆ ನೀನಾಸಮ್ಮಿನಲ್ಲಿ ಕಲಿತು ರಂಗಕ್ಕೂ ತೆರೆಗೂ ಬಂದಿದ್ದಾರೆ. ಜಿಲ್ಲೆಯ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಸರಕಾರದ ಪಟ್ಟಿಗಿಂತ ಮೊದಲೇ ರಂಗಭೂಮಿ ಅವರ ಹೆಸರನ್ನು ಕೂಗಿತ್ತೆಂಬುದು ನಮ್ಮ ಸೀಮೆಯ ನಾಟಕಕ್ಕೆ ಸಲ್ಲಬೇಕಾದ ಗೌರವ. ಇಷ್ಟಾದರೂ ನಮ್ಮ ಸ್ಮರಣ ಸಂಚಿಕೆಗಳಲ್ಲಿ ಈ ನಾಟಕದ ಕುರಿತು ಒಂದು ಪುಟವನ್ನು ನಾನು ಕಂಡಿಲ್ಲ. ಅದು ‘ನಮ್ಮ ಸಂಘ’ದ್ದಲ್ಲವಲ್ಲ!

ಹಾಗಾದರೆ ಊರ ನಾಟಕ ಸಂಘದ ಚರಿತ್ರೆಯನ್ನು ಬರೆಯುವುದು ಹೇಗೆ? ಅಧ್ಯಕ್ಷರ ಭಾವಚಿತ್ರ ಇರಲಿ. ಅದರ ಪಕ್ಕದಲ್ಲಿ ಗ್ಯಾಸ್‌ಲೈಟಿಗೆ ಗಾಳಿ ಹಾಕಿದವನ ಹೆಸರೂ ಇರಲಿ. ಮೊದಲ ಬಾರಿಗೆ ಊರಿನ ಹೆಣ್ಣುಮಗಳೊಬ್ಬಳು ಹೆಣ್ಣಿನ ಪಾತ್ರ ಮಾಡಿದ್ದು ಯಾವ ವರ್ಷ, ಅಂದು ಮನೆಯವರು ಏನೆಂದರು, ಊರು ಏನೆಂದಿತು ಎಂಬುದು ಇರಲಿ. ಯಾವ ಕೇರಿಯವರು ಬರುತ್ತಿರಲಿಲ್ಲ, ಬಂದರೂ ಎಲ್ಲಿ ನಿಲ್ಲುತ್ತಿದ್ದರು ಎಂಬುದನ್ನೂ ಮುಚ್ಚಿಡದೆ ಬರೆಯಲಿ. ನಿಂತುಹೋದ ನಾಟಕ ಏಕೆ ನಿಂತಿತು ಎಂಬ ಅಧ್ಯಾಯ, ಯಶಸ್ವಿಯಾದವುಗಳ ಪಟ್ಟಿಗಿಂತ ಉಪಯುಕ್ತವಾದೀತು. ಇವಾವುವೂ ಕಡತಗಳಲ್ಲಿ ಸಿಗುವುದಿಲ್ಲ, ಮುದುಕರ ನೆನಪಿನಲ್ಲಿವೆ. ಆ ನೆನಪುಗಳು ವರ್ಷಕ್ಕಿಷ್ಟೆಂದು ನಮ್ಮನ್ನು ಬಿಟ್ಟುಹೋಗುತ್ತಿವೆ. ಮೂರು ತಾಲ್ಲೂಕುಗಳ ಕಾಲೇಜುಗಳಲ್ಲಿ ಕನ್ನಡ ಓದುವ ವಿದ್ಯಾರ್ಥಿಗಳು ಒಂದೊಂದು ರಜೆಯಲ್ಲಿ ಒಬ್ಬೊಬ್ಬ ಹಿರಿಯರ ಮಾತನ್ನು ಬರೆದುಕೊಂಡರೂ ಕೆಲವೇ ವರ್ಷಗಳಲ್ಲಿ ಒಂದು ನಿಜವಾದ ಚರಿತ್ರೆ ಸಿದ್ಧವಾಗುತ್ತದೆ. ಅವರನ್ನು ಕಳಿಸಬೇಕಾದ್ದು ನಮ್ಮಂಥ ಮಾಸ್ತರರ ಕೆಲಸ.

ಬಡಿಸುವ ಮಾತನ್ನು ಕೇಳಿದ ಹಿರಿಯರು ಈಗಿಲ್ಲ. ಅವರು ತರುಣರಾಗಿದ್ದಾಗ ದ್ರೌಪದಿಯ ವೇಷ ಹಾಕುತ್ತಿದ್ದರೆಂದು ಅವರು ತೀರಿಕೊಂಡ ಮೇಲೆ ತಿಳಿಯಿತು. ಯಾವ ಸಂಘದಲ್ಲಿ, ಯಾವ ವರ್ಷ, ಯಾರ ಎದುರು ಎಂದು ಕೇಳಿಕೊಳ್ಳಲು ನಮಗೆ ಪುರುಸೊತ್ತಾಗಿರಲಿಲ್ಲ. ನಾವು ಟಿಕೇಟು ಮಾರುತ್ತಿದ್ದೆವು.