ದ್ರವಸ್ಫಟಿಕಗಳ ಮೇಲ್ಮೈವಿನ್ಯಾಸ: ‘ಸ್ಥಿರ’ವೆಂಬ ಮಾತಿನ ವಿಮರ್ಶೆ

ಒಂದೇ ದಿಕ್ಕಿನಲ್ಲಿ ಉಜ್ಜಿದ ಗಾಜಿನ ಮೇಲೆ ದ್ರವಸ್ಫಟಿಕದ ಅಣುಗಳು ಆ ದಿಕ್ಕಿಗೇ ಸಾಲುಗೊಳ್ಳುತ್ತವೆಂದು ಫ್ರೆಂಚ್ ವಿಜ್ಞಾನಿ ಮೋಗೆನ್ ಅವರು 1911ರಲ್ಲಿಯೇ ವರದಿಮಾಡಿದರು. ಉಜ್ಜಿದಾಗ ಮೂಡುವ ಸೂಕ್ಷ್ಮ ಗೀರುಗಳಿಗೆ ಅಡ್ಡಲಾಗಿ ನಿಂತರೆ ಅಣುಗಳ ಸಾಲು ಬಾಗಬೇಕಾಗುವುದೆಂದೂ, ಆ ಸ್ಥಿತಿಸ್ಥಾಪಕ ಶಕ್ತಿಯ ವೆಚ್ಚವೇ ವಿನ್ಯಾಸಕ್ಕೆ ಕಾರಣವೆಂದೂ 1972ರಲ್ಲಿ ಬೆರೆಮನ್ ಅವರು ವಿವರಿಸಿದರು. ಪಾಲಿಮರ್ ಪದರಗಳಲ್ಲಿ ಉಜ್ಜಿದ ದಿಕ್ಕಿಗೆ ಎಳೆಯಲ್ಪಟ್ಟ ಸರಪಣಿಗಳ ಪಾತ್ರವೂ ಉಂಟು. ವಿನ್ಯಾಸವು ಹೇಗೆ ಹುಟ್ಟುತ್ತದೆಂಬ ಚರ್ಚೆ ಹೀಗೆ ಬೆಳೆದಿದೆ. ಅದು ಎಷ್ಟು ಕಾಲ ನಿಲ್ಲುತ್ತದೆಂಬ ಪ್ರಶ್ನೆಯಾದರೋ, ‘ವಿನ್ಯಾಸವು ಸ್ಥಿರವಾಗಿತ್ತು’ ಎಂಬ ಒಂದೇ ವಾಕ್ಯದಲ್ಲಿ ಮುಗಿದುಹೋಗುವುದುಂಟು. ಆ ವಾಕ್ಯವನ್ನು ನಾವಿಲ್ಲಿ ಪರಿಶೀಲಿಸುತ್ತೇವೆ.

ಮೊದಲನೆಯದಾಗಿ, ಸ್ಥಿರವಾದದ್ದು ಯಾವುದು? ಮೇಲ್ಮೈಯ ಸಮತಲದಲ್ಲಿ ಸಾಲಿನ ದಿಕ್ಕು, ಮೇಲ್ಮೈಗೂ ಸಾಲಿಗೂ ನಡುವಿನ ಓರೆ, ಮೇಲ್ಮೈಯ ಹಿಡಿತದ ಶಕ್ತಿ ಇವು ಮೂರು ಬೇರೆ ಬೇರೆ ಪರಿಮಾಣಗಳು. ಅಡ್ಡವಾಗಿರಿಸಿದ ಎರಡು ಪೋಲರಾಯಿಡ್‌ಗಳ ನಡುವೆ ಕೋಶವು ಕಪ್ಪಾಗಿ ಕಂಡರೆ ಮೊದಲನೆಯದು ಮಾತ್ರ ಸಿದ್ಧವಾಗುತ್ತದೆ. ಓರೆಯು ಕೆಲವು ಡಿಗ್ರಿಗಳಷ್ಟು ಕುಗ್ಗಿದ್ದರೂ, ಹಿಡಿತವು ಸಡಿಲವಾಗಿದ್ದರೂ ಆ ಕಪ್ಪು ಹಾಗೆಯೇ ಉಳಿಯಬಹುದು.

ಎರಡನೆಯದಾಗಿ, ಪರೀಕ್ಷೆಯ ಕ್ರಮ. ಕೋಶವನ್ನು ಕಾಯಿಸಿ ತಣಿಸಿದಾಗ ಹಳೆಯ ದಿಕ್ಕೇ ಮರಳಿತೆಂಬುದು ಸಾಲದ ಸಾಕ್ಷ್ಯ. ಮೇಲ್ಮೈಗೆ ಅಂಟಿದ ಅಣುಗಳು ಸುತ್ತಲಿನ ದ್ರವವು ಕ್ರಮಗೆಟ್ಟಾಗಲೂ ತಮ್ಮ ದಿಕ್ಕನ್ನು ನೆನಪಿಟ್ಟುಕೊಳ್ಳಬಲ್ಲವು. ಉಜ್ಜದ ಪಾಲಿಮರ್ ಪದರದ ಮೇಲೂ ಈ ನೆನಪು ಕಾಣುತ್ತದೆ. ಇನ್ನು ಉಷ್ಣತೆಯನ್ನೇರಿಸಿ ಕಾಲವನ್ನು ಸಂಕ್ಷೇಪಿಸುವ ಪದ್ಧತಿ. 5ಸಿಬಿ ಎಂಬ ಪರಿಚಿತ ವಸ್ತುವು ಸುಮಾರು 24ರಿಂದ 35 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ ನೆಮ್ಯಾಟಿಕ್ ಸ್ಥಿತಿಯಲ್ಲಿರುತ್ತದೆ. 80 ಡಿಗ್ರಿಯಲ್ಲಿರಿಸಿದ ಕೋಶದಲ್ಲಿರುವುದು ಸಾಮಾನ್ಯ ದ್ರವ. ಅಲ್ಲಿ ಪರೀಕ್ಷೆಗೊಳಗಾಗುವುದು ಪದರದ ತಾಳಿಕೆಯೇ ಹೊರತು ವಿನ್ಯಾಸದ ತಾಳಿಕೆಯಲ್ಲ. ಆ ಫಲಿತಾಂಶದಿಂದ ಕೊಠಡಿಯ ಉಷ್ಣತೆಯಲ್ಲಿನ ಆಯುಸ್ಸನ್ನು ಗಣಿಸುವುದು ಯುಕ್ತವಲ್ಲ.

ಕೆಡುವ ಬಗೆಯೂ ಮೇಲ್ಮೈಯಿಂದ ಮೇಲ್ಮೈಗೆ ಬೇರೆ. ಗಾಜಿಗೆ ಕೇವಲ ಅಂಟಿರುವ ಲೆಸಿಥಿನ್ ಪದರವು ಕ್ರಮೇಣ ದ್ರವಸ್ಫಟಿಕದೊಳಕ್ಕೆ ಸೇರಿಹೋಗಬಹುದು. ಸಿಲೇನ್ ಪದರಕ್ಕೆ ರಾಸಾಯನಿಕ ಬಂಧವಿದ್ದರೂ ತೇವಾಂಶವು ಅದಕ್ಕೆ ಶತ್ರು. ಬೆಳಕಿನಿಂದ ದಿಕ್ಕು ಪಡೆದ ಆಜೊ ವರ್ಣದ್ರವ್ಯದ ಪದರವು ಬೇರೊಂದು ಬೆಳಕಿನಿಂದ ದಿಕ್ಕು ಬದಲಿಸೀತು. ಅದನ್ನು ಪಾಲಿಮರೀಕರಣದಿಂದ ಭದ್ರಪಡಿಸುವುದು ಈ ಕಾರಣದಿಂದಲೇ. ಪ್ರಬಲ ವಿದ್ಯುತ್ ಕ್ಷೇತ್ರವು ಬಹುಕಾಲ ಎಳೆದರೆ ಕೆಲವು ಪಾಲಿಮರ್ ಮೇಲ್ಮೈಗಳ ಒಲವಿನ ದಿಕ್ಕೇ ಮೆಲ್ಲನೆ ಜಾರುತ್ತದೆ. ಕ್ಷೇತ್ರವನ್ನು ತೆಗೆದೊಡನೆ ಹಿಂದಿರುಗುವುದಿಲ್ಲ. ಇವೆಲ್ಲವನ್ನೂ ‘ಸ್ಥಿರ’, ‘ಅಸ್ಥಿರ’ ಎಂಬ ಎರಡೇ ಮಾತುಗಳಲ್ಲಿ ಅಡಗಿಸುವುದು ಸಾಧ್ಯವಿಲ್ಲ.

ಇದು ಪದಗಳ ಜಗಳವಲ್ಲ. ಕ್ಷೇತ್ರದ ಯಾವ ಮೌಲ್ಯದಲ್ಲಿ ಅಣುಗಳು ತಿರುಗತೊಡಗುತ್ತವೆಂದು ಅಳೆದು, ಅದರಿಂದ ಸ್ಥಿತಿಸ್ಥಾಪಕ ಸ್ಥಿರಾಂಕವನ್ನು ಪಡೆಯುವ ಪ್ರಯೋಗ ನಮ್ಮ ವಿದ್ಯಾರ್ಥಿಗಳಿಗೆ ಪರಿಚಿತವೇ. ಮೇಲ್ಮೈಯ ಓರೆಯು ಹೆಚ್ಚಿದರೆ ಆ ಹೊಸ್ತಿಲು ಮಸುಕಾಗುತ್ತದೆ; ಹಿಡಿತವು ಸಡಿಲಿಸಿದರೆ ಅದು ಕೆಳಗಿಳಿಯುತ್ತದೆ. ತಿಂಗಳುಗಳ ಅಂತರದಲ್ಲಿ ಅಳೆದವನು ಗಾಜಿನ ದೋಷವನ್ನು ವಸ್ತುವಿನ ಗುಣವೆಂದು ಬರೆದಿಡುತ್ತಾನೆ.

ಆದುದರಿಂದ ಯಾವ ಪರಿಮಾಣ, ಯಾವ ಉಷ್ಣತೆ, ಬೆಳಕು ಮತ್ತು ಕ್ಷೇತ್ರಗಳಲ್ಲಿ, ಎಷ್ಟು ಕಾಲ, ಅಳತೆಯ ಯಾವ ಮಿತಿಯೊಳಗೆ ಬದಲಾಗಲಿಲ್ಲವೆಂಬುದನ್ನು ಹೇಳಬೇಕು; ಸಂಸ್ಕರಿಸದ ಮೇಲ್ಮೈಯ ಕೋಶವೊಂದನ್ನೂ ಜೊತೆಯಲ್ಲಿಟ್ಟು ನೋಡಬೇಕು. ಇಷ್ಟನ್ನು ಹೇಳದ ‘ಸ್ಥಿರ’ವನ್ನು ಫಲಿತಾಂಶವೆಂದು ನಾವು ಒಪ್ಪಲಾರೆವು.